ಸರ್ವರಣ್ಣನ ರಜೆ

ಕೈಹಿಡಿದು ಕೆಲಸ ಕಲಿಸಿದ ಹುಡುಗಿಯೇ ಮೇಲಧಿಕಾರಿಯಾಗಿ ಬಂದು ಕೂತರೆ ಮನುಷ್ಯನಾದವನು ಏನು ಮಾಡಬೇಕು? ಚಪ್ಪಾಳೆ ತಟ್ಟಬೇಕು. ಸರ್ವರಣ್ಣ ತಟ್ಟಿದ, ಎಲ್ಲರಿಗಿಂತ ಜೋರಾಗಿಯೇ ತಟ್ಟಿದ. ಪರೀಕ್ಷಾ ಮಂಡಳಿಯ ಕಂಪ್ಯೂಟರ್ ಸರ್ವರುಗಳನ್ನು ನೋಡಿಕೊಳ್ಳುತ್ತಲೇ ಅವನ ತಲೆ ಬೋಳಾಗಿತ್ತು, ಬೆನ್ನು ಬಾಗಿತ್ತು, ಹೆತ್ತವರಿಟ್ಟ ಹೆಸರು ಹೋಗಿ ಸರ್ವರಣ್ಣ ಎಂಬುದೇ ನಿಂತಿತ್ತು. ಅಂದಿನ ಸಭೆಯಲ್ಲಿ ನಿರ್ದೇಶಕರು ಅವನನ್ನು ‘ನಮ್ಮ ಆಧಾರಸ್ತಂಭ’ ಎಂದು ಕೊಂಡಾಡಿದರು. ಕಂಬಕ್ಕೆ ಬಡ್ತಿ ಕೊಟ್ಟವರುಂಟೆ? ಕಂಬ ಎದ್ದು ಹೋದರೆ ಮಾಳಿಗೆ ಬಿದ್ದೀತು. ಪಾಪ, ಅಲ್ಲೇ ನಿಂತಿರಲಿ.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಚುತ್ತ ತೀರ್ಪು ಕೊಟ್ಟಳು. “ನೀವು ಕೆಲಸ ಮಾಡ್ತೀರಿ, ಅವಳು ಕೆಲಸ ತೋರಿಸ್ತಾಳೆ. ಕುರ್ಚಿ ತೋರಿಸೋರಿಗೆ ಸಿಗುತ್ತೆ ಕಣ್ರೀ.”

ಮಾತು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಒಳಗೇ ಉಳಿಯಿತು. ಹೌದಲ್ಲ! ಇಷ್ಟು ವರ್ಷ ಅವನು ಮಾಡಿದ ತಪ್ಪೆಂದರೆ ಸರ್ವರು ಕೆಟ್ಟು ಬೀಳದಂತೆ ನೋಡಿಕೊಂಡದ್ದು. ಬೆಂಕಿಯೇ ಬೀಳದ ಊರಿನಲ್ಲಿ ಬೆಂಕಿ ಆರಿಸುವವನಿಗೆ ಯಾರು ಹಾರ ಹಾಕುತ್ತಾರೆ? ಒಮ್ಮೆ ಬೀಳಬೇಕು. ಇಡೀ ರಾಜ್ಯ ಕಣ್ಣು ಬಿಟ್ಟುಕೊಂಡು ಕಾಯುವ ದಿನವೇ ಬೀಳಬೇಕು. ಆ ಮೇಡಂ ಕೈಕೈ ಹಿಸುಕಿಕೊಳ್ಳುತ್ತಿರುವಾಗ ತಾನು ಬಂದು ಎತ್ತಬೇಕು. ಬೀಳಿಸಿದ್ದು ಆಕೆಯೇ ಎಂದಾಗಿಬಿಟ್ಟರೆ ಕುರ್ಚಿ ತಾನಾಗಿ ಖಾಲಿಯಾಗುತ್ತದೆ. ಫಲಿತಾಂಶದ ದಿನಕ್ಕಿಂತ ಒಳ್ಳೆಯ ಮುಹೂರ್ತ ಯಾವುದಿದೆ? ವರ್ಷವಿಡೀ ಓದಿದ ಮಕ್ಕಳು ಇನ್ನೊಂದು ಗಳಿಗೆ ಉಗುರು ಕಚ್ಚಿಕೊಂಡು ಕೂತರೆ ಉಗುರೇನು ಮತ್ತೆ ಬೆಳೆಯುವುದಿಲ್ಲವೇ?

ಫಲಿತಾಂಶ ತೋರಿಸುವ ಪ್ರೋಗ್ರಾಮು ತನ್ನ ಕಾಲ ಮೇಲೆ ತಾನು ನಡೆಯುವುದಿಲ್ಲ. ಅದನ್ನು ಹೊತ್ತು ನಡೆಸಲು ಅಡಿಯಲ್ಲಿ ಇನ್ನೊಂದು ಬೇಕು. ಅದಕ್ಕೆ ರನ್‌ಟೈಮ್ ಎನ್ನುತ್ತಾರೆ. ಕುದುರೆ ಇದ್ದಂತೆ. ಜನ ಕೈಬೀಸುವುದು ಸವಾರನಿಗೆ. ಮುಗ್ಗರಿಸಿದಾಗ ಮಾತ್ರ ಕುದುರೆಯ ಕಾಲು ನೋಡುತ್ತಾರೆ. ಸರ್ವರಣ್ಣನಿಗೆ ಆ ಕುದುರೆಯ ಒಂದೊಂದು ಲಾಳವೂ ಗೊತ್ತಿತ್ತು. ಅದರ ನೂರಾರು ಫೈಲುಗಳಲ್ಲಿ ಒಂದನ್ನು ತೆಗೆದು, ಅದೇ ಹೆಸರಿನ ಹಳೆಯ ಆವೃತ್ತಿಯನ್ನು ಅಲ್ಲಿಟ್ಟರೆ ಮುಗಿಯಿತು. ಮೇಲ್ನೋಟಕ್ಕೆ ಎಲ್ಲ ಸರಿ. ಪ್ರೋಗ್ರಾಮು ಶುರು ಮಾಡಿದ ಕ್ಷಣವೇ ಮಕಾಡೆ. ತೆರೆಯ ಮೇಲೆ ಬರುವ ದೂರು ಹನುಮಂತನ ಬಾಲದಷ್ಟು ಉದ್ದ, ಅದರಲ್ಲಿ ಬೈಗುಳವೆಲ್ಲ ಏನೂ ಅರಿಯದ ಡೇಟಾಬೇಸಿಗೆ. ಗೊತ್ತಿಲ್ಲದವರು ದಿನವಿಡೀ ಅಲ್ಲೇ ಅಗೆಯುತ್ತ ಕೂರಬೇಕು.

ಈ ಸಲದ ಫಲಿತಾಂಶಕ್ಕೆಂದೇ ಹೊಸ ಸರ್ವರ್ ಮೆಷಿನ್ನು ತರಿಸಲಾಗಿತ್ತು. ಮೇಡಂ ಅದರ ಗುಣಗಾನಕ್ಕೆ ಬಣ್ಣಬಣ್ಣದ ಸ್ಲೈಡುಗಳನ್ನೇ ಮಾಡಿದ್ದಳು. ಬಲೆ ಹಾಕಲು ಅದಕ್ಕಿಂತ ಹೊಂದುವ ಜಾಗ ಬೇರಿರಲಿಲ್ಲ. ಪ್ರಯೋಗವೆಲ್ಲ ಮುಗಿದು, ಇನ್ನು ಫಲಿತಾಂಶದ ಬೆಳಿಗ್ಗೆ ಶುರು ಮಾಡುವುದೊಂದೇ ಬಾಕಿ ಎಂದಾದ ಮೇಲೆ ಸರ್ವರಣ್ಣ ಕಾದ. ಮೇಡಂಗೆ ಕಂಪ್ಯೂಟರನ್ನು ತೆರೆದೇ ಬಿಟ್ಟು ಚಹಾಕ್ಕೆ ಹೋಗುವ ಚಾಳಿ. ಅವಳ ಚಹಾ ಆರುವ ಮೊದಲೇ ಅವಳದೇ ಕೀಲಿಮಣೆಯಿಂದ, ಅವಳದೇ ಲಾಗಿನ್ನಿನಲ್ಲಿ, ಹಳೆಯ ಫೈಲು ಹೊಸ ಮೆಷಿನ್ನಿನೊಳಗೆ ಹೋಗಿ ಕೂತಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೋಲೇ ಪಕ್ಕದ ಮನೆಯದಾದರೆ ಮುರಿದರೂ ಚಿಂತೆಯಿಲ್ಲ.

ಮರುದಿನದಿಂದ ರಜೆ ಹಾಕಿದ. ಊರು ಸುಡುವಾಗ ತಾನು ಬೆಂಕಿಪೊಟ್ಟಣದ ಹತ್ತಿರವೂ ಇರಬಾರದಲ್ಲ. ಕಾರಣ, ಅತ್ತೆಯ ಮಂಡಿನೋವು. ವರ್ಷಗಳಿಂದ ಮಂಡಿ ಹಿಡಿದು ನರಳುತ್ತಿದ್ದ ಅತ್ತೆಗೆ ಅಳಿಯನೇ ಆಸ್ಪತ್ರೆಗೆ ಕರೆದೊಯ್ದದ್ದು ನಂಬಲಾಗಲಿಲ್ಲ. “ಅಂತೂ ಅಳಿಯಂದ್ರಿಗೆ ನನ್ನ ಮಂಡಿ ಕಣ್ಣಿಗೆ ಬಿತ್ತಲ್ಲ, ಇನ್ನು ಸತ್ತರೂ ಚಿಂತೆಯಿಲ್ಲ” ಎಂದರು. ಮೊಬೈಲು ಆರಿಸಿಟ್ಟು ಅವನು ಮುದ್ದಾಂ ಸೇವೆ ಮಾಡಿದ. ಒಂದೇ ಏಟಿಗೆ ಸಾಕ್ಷಿಯೂ ಸಿಕ್ಕಿತು, ಪುಣ್ಯವೂ ಬಂತು.

ಫಲಿತಾಂಶದ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮೊಬೈಲನ್ನು ಮತ್ತೆ ಆನ್ ಮಾಡಿ ತೊಡೆಯ ಮೇಲಿಟ್ಟುಕೊಂಡು ಕೂತ. ರಜೆಯಲ್ಲಿ ಯಾಕೆ ಅಂಗಿ ಎಂದು ಹೆಂಡತಿ ಕೇಳಿದಾಗ ಸೆಕೆ ಎಂದ. ಸ್ವಲ್ಪ ಹೊತ್ತಿಗೇ ಫೋನು ಬಂತು, ಅದೂ ಸಾಕ್ಷಾತ್ ನಿರ್ದೇಶಕರದು.

“ಎಲ್ಲಿದ್ದೀರಪ್ಪಾ ನೀವು? ಸರ್ವರು ಬಿದ್ಹೋಗಿದೆ. ಮಂತ್ರಿಗಳ ಮನೆಯಿಂದ್ಲೇ ಫೋನ್ ಬರ್ತಿದೆ.”

ಅವನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಗಾಬರಿಯನ್ನು ದನಿಗೆ ತಂದುಕೊಂಡು, ಈಗಲೇ ಹೊರಟೆ ಎಂದ. ಚಪ್ಪಲಿ ಮೆಟ್ಟುವುದಕ್ಕೆ ಮಾತ್ರ ಸಾಕಷ್ಟು ಸಮಯ ತೆಗೆದುಕೊಂಡ. ಕಾಯಿಸಿದಷ್ಟೂ ಹಾಲು ಗಟ್ಟಿ.

ಕಂಪ್ಯೂಟರ್ ಕೋಣೆಯಲ್ಲಿ ನಿರ್ದೇಶಕರು ಮದುಮಗಳ ತಂದೆಯಂತೆ ಅತ್ತಿಂದಿತ್ತ ತಿರುಗುತ್ತಿದ್ದರು. ಮೇಡಂ ಕಣ್ಣು ಕೆಂಪಾಗಿತ್ತು. “ಸಾರ್, ಒಂದ್ನಿಮಿಷ, ನಾನು ಮೊನ್ನೆ...” ಎಂದು ಬಾಯಿ ತೆರೆದಳು. ಸರ್ವರಣ್ಣ ಅಂಗೈ ಎತ್ತಿದ.

“ಆಮೇಲೆ ಹೇಳಿ ಮೇಡಂ. ಮೊದಲು ಕೆಲಸ.”

ನಿರ್ದೇಶಕರು ತಲೆದೂಗಿದ್ದು ಓರೆಗಣ್ಣಿಗೆ ಕಂಡಿತು. ಆಮೇಲಿನದು ಶುದ್ಧ ನಾಟಕ. ಹೊಸ ಮೆಷಿನ್ನಿನೊಳಗೆ ಹೋಗಿ ಹುಬ್ಬು ಗಂಟಿಕ್ಕಿದ. ಸಾಲುಗಳನ್ನು ಮೇಲೆ ಕೆಳಗೆ ಓಡಿಸಿದ. ಒಂದು ಕಡೆ ನಿಂತು ತುಟಿ ಕಚ್ಚಿದ. ಇಲ್ಲ ಎಂಬಂತೆ ತಲೆಯಾಡಿಸಿ ಇನ್ನೊಂದು ಕಡೆ ಹೋದ. ಓದುವುದೇನಿತ್ತು? ಉತ್ತರ ಜೇಬಿನಲ್ಲಿರುವವನು ಪ್ರಶ್ನೆಪತ್ರಿಕೆ ಬಿಡಿಸುತ್ತಾನೆಯೇ? ನೋಡುವವರ ಉಸಿರು ತಕ್ಕಷ್ಟು ಬಿಗಿಯಾದ ಮೇಲೆ ತೆರೆಯ ಮೇಲೆ ಬೆರಳಿಟ್ಟ.

“ಇಗೋ. ಈ ಫೈಲಿಂದಲೇ ಬಿದ್ದಿರೋದು ಸಾರ್. ಇಲ್ಲಿರಬೇಕಾದ್ದು ಇದಲ್ಲ, ಯಾರೋ ಹಳೇದನ್ನ ತಂದು ಹಾಕಿದ್ದಾರೆ.”

ಯಾರು ಎಂದು ನಿರ್ದೇಶಕರು ಕೇಳಿದರು. ಹೋಗಲಿ ಬಿಡಿ, ಚಿಕ್ಕ ವಯಸ್ಸು, ಗಡಿಬಿಡಿಯಲ್ಲಿ ಆಗುತ್ತದೆ ಎಂದು ಬೇಡಿಕೊಳ್ಳುತ್ತಲೇ ಸರ್ವರಣ್ಣ ಫೈಲು ಹಾಕಿದವರ ಹೆಸರಿನ ಸಾಲನ್ನು ದೊಡ್ಡದು ಮಾಡಿ ತೋರಿಸಿದ. ಕರುಣೆಗೆ ಇದಕ್ಕಿಂತ ದಪ್ಪ ಅಕ್ಷರ ಇರಲಿಲ್ಲ. ಮೇಡಂ ತನ್ನ ಹೆಸರನ್ನು ನೋಡಿ ಬಿಳಿಚಿಕೊಂಡಳು. ಅವನು ಸರಿಯಾದ ಫೈಲನ್ನು ಅದರ ಜಾಗಕ್ಕೆ ಹಾಕಿ, ಪ್ರೋಗ್ರಾಮು ಶುರು ಮಾಡಿದ. ಹಸಿರು ಸಾಲು ಮೂಡಿತು. ಕುರ್ಚಿಗೆ ಒರಗಿದ. ಮೇಡಂ ಕೋಣೆಯ ಕಿಟಕಿಗೆ ಯಾವ ಬಣ್ಣದ ಪರದೆ ಹಾಕಿಸಬೇಕು ಎಂಬ ಯೋಚನೆ ಆಗಲೇ ಅರ್ಧ ಮುಗಿದಿತ್ತು.

“ಫಲಿತಾಂಶ ಇಲ್ಲಿನ್ನೂ ಬರ್ತಾ ಇಲ್ವಲ್ಲಪ್ಪಾ” ಎಂದು ನಿರ್ದೇಶಕರು ತಮ್ಮ ಮೊಬೈಲನ್ನು ಅವನ ಮುಖಕ್ಕೇ ಹಿಡಿದರು. ಮೇಡಂ ಇನ್ನೂ ತನ್ನ ಹೆಸರಿನತ್ತಲೇ ನೋಡುತ್ತಿದ್ದಳು. ಅವಳ ದನಿ ಮೆಲ್ಲಗಿತ್ತು, ಆದರೆ ನಡುಕವಿರಲಿಲ್ಲ. “ಬರೋದಿಲ್ಲ ಸಾರ್. ಬಿದ್ದಿರೋದು ಹಳೇ ಮೆಷಿನ್ನು. ಹೊಸದರ ಮೇಲೆ ಯಾಕೋ ಧೈರ್ಯ ಸಾಲದೆ ಮೊನ್ನೆ ಸಂಜೆ ಫಲಿತಾಂಶನೆಲ್ಲ ಹಳೇದಕ್ಕೇ ಹಾಕಿಬಿಟ್ಟೆ. ಇವರಿಗೆ ಹೇಳೋಣ ಅಂದ್ರೆ ರಜದಲ್ಲಿದ್ರು, ಫೋನೂ ಆಫಾಗಿತ್ತು. ಇವತ್ತು ಜನ ಒಂದೇ ಸಲ ನುಗ್ಗಿದ್ದಕ್ಕೆ ಅದು ತಡಕೊಳ್ಳಲಾರದೆ ಬಿದ್ದಿದೆ, ಅಷ್ಟೇ.” ಆಮೇಲೆ ಅವಳು ತನಗೆ ಕೆಲಸ ಕಲಿಸಿದವನ ಕಡೆಗೆ ತಿರುಗಿದಳು. “ಈ ಹೊಸ ಮೆಷಿನ್ನಿನಲ್ಲಿ ಪ್ರೋಗ್ರಾಮನ್ನ ಇವತ್ತು ಯಾರೂ ಮುಟ್ಟೇ ಇರಲಿಲ್ಲ. ಮೊದಲ ಸಲ ಶುರು ಮಾಡಿದ್ದು ನೀವೇ, ಈಗಷ್ಟೇ. ಓಡೇ ಇಲ್ಲದ್ದು ಯಾವ ಫೈಲಿಂದ ಬಿದ್ದಿತ್ತು ಅಂತ ನಿಮಗೆ ಹೇಗೆ ಗೊತ್ತಾಯ್ತು ಸಾರ್?”