ಕೈ ನೆನೆಸಿದ ದಿನ

"ಅಯ್ಯೋ, ನೀರು..."

ಅಜ್ಜಿಯ ಕೂಗು ಕೇಳಿ ರೋಜಾ ಹಿತ್ತಿಲಿಗೆ ಓಡಿ ಬರುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು.

ಹುಣಸೆ ಮರದ ಕೆಳಗಿದ್ದ ಕಲ್ಲಿನ ಒಲೆ ಚುಂಯ್ ಎಂದು ಆರಿ, ಬೂದಿ ಹಿತ್ತಿಲೆಲ್ಲ ಹಾರಿತ್ತು. ಮಡಕೆಯ ಬಾಯಿ ತೆರೆದುಕೊಂಡಿತ್ತು. ಅದರ ಮುಂದೆ ಒಬ್ಬ ಅಪರಿಚಿತ, ಕೈಯಲ್ಲಿ ಖಾಲಿ ತಟ್ಟೆ ಹಿಡಿದು, ಹುಬ್ಬಿಗೆಲ್ಲ ಬೂದಿ ಮೆತ್ತಿಕೊಂಡು ನಿಂತಿದ್ದ.

"ಯಾರಯ್ಯಾ ನೀನು? ತಟ್ಟೆ ತೆಗಿ ಅಂತ ಯಾರು ಏಳಿದ್ರು ನಿಂಗೆ?"

"ಇಲ್ಲೆಮ್ಮಾ... ವಾಸನೆ ಬಂತು. ಚುಮ್ಮಾ ಪಾತ್ತೇನ್..." ಅವನು ತಮಿಳಿನಲ್ಲಿ ತೊದಲಿದ.

"ಸುಮ್ನೆ ನೋಡಿದ್ಯಾ? ನಿನ್ ಚುಮ್ಮಾಗೆ ನಮ್ಮೊಲೆ ಆರೋಯ್ತು."

ಪಾಪ, ಅವನಿಗೇನು ಗೊತ್ತು. ಚಿನ್ನಕ್ಕಜ್ಜಿಯ ಹಂದಿ ಸಾರಿಗೆ ತಣ್ಣೀರು ಸೋಕಬಾರದು. ಎಣ್ಣೆಯೂ ಬೇಡ. ಮಾಂಸಕ್ಕೆ ಅರಿಸಿನ ಸವರಿ ಮಡಕೆಗೆ ಹಾಕಿದರೆ, ಅದರ ಕೊಬ್ಬೇ ಕರಗಿ ಅದನ್ನು ಬೇಯಿಸಬೇಕು. ಮಡಕೆಯ ಮೇಲೆ ತಟ್ಟೆ ಮುಚ್ಚಿ, ತಟ್ಟೆಯಲ್ಲಿ ನೀರು ತುಂಬಿರಬೇಕು. ಕೆಳಗಿನ ಹಬೆಗೆ ಆ ನೀರು ಕಾಯುತ್ತದೆ. ತಳ ಹಿಡಿಯುವ ಸದ್ದು ಬಂದಾಗ ಅದರಲ್ಲೇ ಒಂದು ಸೌಟು ಒಳಗೆ. ಪಾಲಮಲೆಯ ಬೆಟ್ಟದಿಂದ ಪೆನ್ನಾಗರಂ ಪಕ್ಕದ ಈ ಹಳ್ಳಿಗೆ ಸೊಸೆಯಾಗಿ ಬಂದಾಗ ಅಜ್ಜಿ ತನ್ನ ತಾಯಿಯಿಂದ ತಂದ ವಿದ್ಯೆ ಇದು. ಈಗ ಅಜ್ಜಿಯ ಕೈ ನಡುಗುತ್ತದೆ. ತಾಯಿತಂದೆ ಇಲ್ಲದೆ ಅಜ್ಜಿಯ ಮಡಿಲಲ್ಲೇ ಬೆಳೆದ ರೋಜಾಳ ಕೈಗೆ ಸೌಟು ಬಂದಿದೆ.

"ಗೊತ್ತಿರ್ಲಿಲ್ಲ ತಾಯಿ. ಒಲೆ ನಾನೇ ಅಚ್ಕೊಡ್ತೀನಿ," ಅಂದ ಅವನು. ಈ ಸಲ ಅಚ್ಚ ಕನ್ನಡ.

ರೋಜಾಳ ಸಿಟ್ಟು ಒಂದು ಕ್ಷಣ ದಾರಿ ತಪ್ಪಿತು. "ಕನ್ನಡ ಬತ್ತೈತಾ?"

"ಮನೇಲಿ ಅದೇ. ಅಂಗ್ಡೀಲಿ ತಮಿಳು. ಬೈಸ್ಕೊಂಡಾಗ ಯಾವ್ದು ಬಾಯಿಗೆ ಬತ್ತೈತೋ ಅದು."

ಹುಣಸೆ ಮರಕ್ಕೊರಗಿ ಕೂತಿದ್ದ ಚಿನ್ನಕ್ಕಜ್ಜಿ ಬೊಚ್ಚುಬಾಯಲ್ಲಿ ನಕ್ಕಿತು. ಅವನು ನೆಲಕ್ಕೆ ಮೊಳಕಾಲೂರಿ, ಊದುಕೊಳವೆ ಹಿಡಿದು, ಕೆನ್ನೆ ಉಬ್ಬಿಸಿ ಊದತೊಡಗಿದ. ಒಲೆ ಹೊತ್ತಿಕೊಂಡಿತು. ಇನ್ನೊಂದು ಕಡೆ ಏನು ಹೊತ್ತಿಕೊಂಡಿತು ಎಂದು ನಾನು ಬಿಡಿಸಿ ಹೇಳಬೇಕೆ?

ಅವನ ಹೆಸರು ನಾಗರಾಜನ್. ಕಡಯಂಪಟ್ಟಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರು ಸುಟ್ಟುಹೋಗಿದೆಯೆಂದು ರೋಜಾಳ ಚಿಕ್ಕಪ್ಪ ಅಣ್ಣಯ್ಯಪ್ಪ ಅವನನ್ನು ಕರೆಸಿದ್ದ. ತೊಂಬತ್ತಾರರ ಬೇಸಿಗೆ ಆಗಷ್ಟೇ ಶುರುವಾಗಿತ್ತು. ಆ ಭಾನುವಾರ ನಾಲ್ಕಾರು ಮನೆಯವರು ಸೇರಿ ಹಂದಿ ಕಡಿದು, ಗುಡ್ಡೆ ಹಾಕಿ ಹಂಚಿಕೊಂಡಿದ್ದರು. ಹಂದಿ ಮಡಕೆ ಮನೆಯೊಳಗೆ ಹೋಗುವಂತಿಲ್ಲವಾದ್ದರಿಂದ ಅಡುಗೆ, ಊಟ ಎಲ್ಲ ಹಿತ್ತಿಲಲ್ಲೇ.

ಆ ಮಧ್ಯಾಹ್ನ ನಾಗರಾಜನ್ ರಾಗಿ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟವನು ಎಲೆ ಒರೆಸಿದಂತೆ ಉಂಡು ಮುಗಿಸಿದ. ಕೊನೆಗೆ ಎಲೆ ಮಡಿಸುವಾಗ ಮೆಲ್ಲಗೆ ಕೇಳಿದ.

"ಈ ಉಳಿ... ಉಣಸೆಹಣ್ಣಿಂದಲ್ಲ ಅಲ್ವಾ?"

"ಚಿಗುರು," ಅಂದಳು ರೋಜಾ, ತಲೆಯ ಮೇಲಿನ ಕೊಂಬೆ ತೋರಿಸಿ. "ಕೊನೇಲಿ ರುಬ್ಬಿ ಆಕದು."

ಒಂದು ದಿನದ ಕೆಲಸ ಅಂದಿದ್ದ ಮೋಟಾರು ವಾರ ಹಿಡಿಯಿತು. ಸಂಜೆಯಾದರೆ ನಾಗರಾಜನ್ ಕೈಯ ಗ್ರೀಸ್ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಬರುತ್ತಿದ್ದ. ಧನಿಯಾ ಎಷ್ಟು ಹುರಿಯಬೇಕು? ಹುರುಳಿ ಹಿಟ್ಟು ಯಾವಾಗ ಕದಡಬೇಕು? ದಿನಕ್ಕೊಂದು ಪ್ರಶ್ನೆ.

"ಮೋಟಾರ್ ರಿಪೇರಿ ಮಾಡೋರಿಗೆ ಸಾರಿಂದೆಲ್ಲ ಯಾಕೆ?" ಎಂದು ಅವಳು ರೇಗಿಸುವಳು.

"ಮೋಟಾರ್ ಸುತ್ತೋದು ಎಲ್ಲಾರ್ಗೂ ಬತ್ತೈತೆ. ಇದು ಬರಲ್ವಲ್ಲ."

ಕೊನೆಯ ಸಂಜೆ ಅವನ ಪ್ರಶ್ನೆ ಬೇರೆ ಇತ್ತು. ಟೂಲ್ಸ್ ಚೀಲ ಹೆಗಲಿಗೇರಿಸಿ, ನೆಲ ನೋಡುತ್ತಾ ಕೇಳಿದ.

"ರೋಜಾ... ನಮ್ಮಮ್ಮನ್ನ ಕರ್ಕೊಂಡ್ ಬರ್ಲಾ?"

'ಬನ್ನಿ, ನಾಳೆಯೇ ಬನ್ನಿ' ಎಂದು ಅವಳೊಳಗೆ ಯಾರೋ ಕೂಗುತ್ತಿದ್ದರೂ ಬಾಯಿಂದ ಬಂದದ್ದು ಬೇರೆಯೇ.

"ಬಂದ್ರೆ ಬ್ಯಾಡ ಅನ್ನೋಕೆ ನಾನ್ಯಾರು? ಚಿಕ್ಕಪ್ಪ ಅವ್ರೆ, ಅಜ್ಜಿ ಐತೆ..."

ಅಂದವಳೇ ಒಳಗೆ ಓಡಿಹೋದಳು. ನಾಚಿಕೆಯಿಂದ ಓಡಿದಳೋ, ಇಷ್ಟವಿಲ್ಲದೆ ಓಡಿದಳೋ, ಬೆನ್ನು ನೋಡಿದವನಿಗೆ ಹೇಗೆ ತಿಳಿಯಬೇಕು?

* * *

ಆ ಕಡೆ ಒಂದು ಪದ್ಧತಿ ಇದೆ. ಹೆಣ್ಣು ಕೇಳಿಕೊಂಡು ಬಂದ ಗಂಡಿನ ಕಡೆಯವರು ಸುಮ್ಮಸುಮ್ಮನೆ ಹೆಣ್ಣಿನ ಮನೆಯಲ್ಲಿ ಉಣ್ಣುವುದಿಲ್ಲ. ಕಾಫಿ ಕುಡಿಯಬಹುದು, ಬಾಳೆಹಣ್ಣು ತಿನ್ನಬಹುದು. ಆದರೆ ಎಲೆಯ ಮುಂದೆ ಕೂತು ಅನ್ನಕ್ಕೆ ಕೈ ಹಾಕಿದರೆ ಸಂಬಂಧ ಗಟ್ಟಿಯಾಯಿತೆಂದು ಅರ್ಥ. ಅದಕ್ಕೆ 'ಕೈ ನೆನೆಸುವುದು' ಅನ್ನುತ್ತಾರೆ. ನೆನೆಸಿದ ಮೇಲೆ ಯಾರೂ ಮಾತು ತಿರುಗಿಸುವಂತಿಲ್ಲ. ಕೆಲಸಕ್ಕೆ ಬಂದವನು ಉಂಡದ್ದು ಬರೀ ಊಟ. ಹೆಣ್ಣು ಕೇಳಲು ಬಂದವನು ಉಂಡರೆ ಅದು ಮಾತು.

ನಾಗರಾಜನ ತಾಯಿ ವೆಂಕಟಲಕ್ಷ್ಮಮ್ಮ ಬಂದ ಕೂಡಲೇ ಒಪ್ಪಿದಳು. ರೋಜಾಳ ಗಲ್ಲ ಹಿಡಿದು, "ನಮ್ಮನೇಗೆ ಇಂಥ ಉಡ್ಗೀನೇ ಬೇಕಿತ್ತು," ಅಂದಳು. ಮುಂದಿನ ಭಾನುವಾರ ಕೈ ನೆನೆಸುವುದೆಂದು ಮಾತಾಯಿತು.

"ಕೋಳಿ ಕುಯ್ಯಣ. ಬೀಗ್ರಿಗೆ ಅಂದಿ ಸಾರು ಯಾರಾನ ಆಕ್ತಾರಾ?" ಅಂದ ಅಣ್ಣಯ್ಯಪ್ಪ.

"ಅವ್ರು ಕೇಳಿದ್ದು ಅದನ್ನೇ ಚಿಕ್ಕಪ್ಪ," ಅಂದಳು ರೋಜಾ. ಅವನು ಕೇಳಿರಲಿಲ್ಲ. ಆದರೆ ಅವನಿಗೆ ಅದೇ ಇಷ್ಟ ಎಂದು ಅವಳಿಗೆ ಗೊತ್ತಿತ್ತು.

ಆ ಭಾನುವಾರದ ಹಿಂದಿನ ಸಂಜೆ ಬೇಸಿಗೆ ಮಳೆ ಸುರಿದು ಸೌದೆಯೆಲ್ಲ ನೆನೆದಿತ್ತು. ಬೆಳಗಿನಿಂದ ಒಲೆ ಬರೀ ಹೊಗೆ ಕಕ್ಕಿತು. ರೋಜಾ ಮೊರದ ತುಂಬ ಸಣ್ಣ ಈರುಳ್ಳಿ ಸುಲಿದಳು, ಒಣಮೆಣಸಿನಕಾಯಿ ಹುರಿದಳು, ಊದಿ ಊದಿ ಸುಸ್ತಾದಳು. ನೆಂಟರು ಬರುವ ಹೊತ್ತಿಗೆ ಸಾರು ಘಮಘಮಿಸುತ್ತಿತ್ತು. ಅವಳ ಕಣ್ಣು ಮಾತ್ರ ಕೆಂಪಗೆ ಊದಿ, ಮೂಗು ಸುರಿಯುತ್ತಿತ್ತು.

'ಇರಲಿ, ಸಾರಿನ ರುಚಿ ನೋಡಿದ ಮೇಲೆ ನನ್ನ ಮುಖ ಯಾರು ನೋಡ್ತಾರೆ?' ಎಂದುಕೊಂಡು ಹೊಸ ಸೀರೆಯ ಸೆರಗಿನಲ್ಲಿ ಕಣ್ಣೊರೆಸಿ ಬಡಿಸಲು ಬಂದಳು.

ಹಿತ್ತಿಲಿನ ಚಪ್ಪರದಡಿ ಎಲೆ ಹಾಕಿತ್ತು. ಮುದ್ದೆ ಬಿತ್ತು. ಸಾರು ಬಿತ್ತು. ನಾಗರಾಜನ್ ತಲೆಯೆತ್ತಿ ಅವಳನ್ನು ನೋಡಿದ. ಅವನ ಮುಖದ ನಗು ಹಾಗೇ ನಿಂತುಹೋಯಿತು.

ಅದೇ ಹೊತ್ತಿಗೆ ಅಣ್ಣಯ್ಯಪ್ಪನಿಗೆ ತಮಾಷೆ ಮಾಡುವ ಹುಕಿ ಬಂತು. "ಮೊದ್ಲು ಆಗಲ್ಲ ಅಂತ ಅಟ ಇಡಿದಿದ್ಲು ಬೀಗ್ರೇ. ಬೆನ್ನಿಗೆರಡು ಬಿಟ್ಟೆ ನೋಡಿ, ದಾರಿಗೆ ಬಂದ್ಲು," ಎಂದು ಹೊಟ್ಟೆ ಕುಣಿಸಿ ನಕ್ಕ. ಆ ಮನುಷ್ಯ ಜನ್ಮದಲ್ಲಿ ಅವಳ ಮೇಲೆ ಕೈ ಎತ್ತಿದವನಲ್ಲ. ಅದು ಮನೆಯವರಿಗೆ ಗೊತ್ತು, ಹೊರಗಿನವರಿಗೆ?

ಎಲೆಯ ತನಕ ಬಂದಿದ್ದ ನಾಗರಾಜನ ಕೈ ಹಿಂದೆ ಸರಿಯಿತು.

"ಅಮ್ಮಾ, ಏಳು. ಓಗಣ."

"ಏನ್ಲಾ ಇದು? ಎಲೆ ಮುಂದೆ ಕೂತ್ಕೊಂಡು..."

"ಮನ್ನಿಚ್ಚಿಡುಂಗ," ಎಂದು ಕ್ಷಮೆ ಕೇಳಿ ಅವನು ಅಣ್ಣಯ್ಯಪ್ಪನಿಗೆ ಕೈಮುಗಿದ. "ನಂಗೆ ಈ ಸಂಬಂಧ ಆಗಲ್ಲ."

ರೋಜಾ ಸೌಟು ಹಿಡಿದು ನಿಂತೇ ಇದ್ದಳು. ಅವನು ಅಜ್ಜಿಯ ಹತ್ತಿರ ಬಗ್ಗಿ ಏನೋ ಹೇಳಿ ಹೊರಟುಹೋದ. ಮುಟ್ಟದ ಎಲೆಯಲ್ಲಿ ಸಾರು ಆರಿ, ಮೇಲೆ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತು.

* * *

ಅವತ್ತು ಅವಳು ನಿಜವಾಗಿ ಅತ್ತಳು.

'ನನ್ನಲ್ಲಿ ಏನು ಕಡಿಮೆ ಕಂಡಿತು ಅವರಿಗೆ? ಬೇಡವಾಗಿದ್ದರೆ ಯಾಕೆ ಬಂದರು? ಎಲೆಯ ಮುಂದೆ ಕೂತು ಎದ್ದು ಹೋಗುವಷ್ಟು ನಾನು...'

ಊರಲ್ಲಿ ಗುಸುಗುಸು ಶುರುವಾಯಿತು. ಅಣ್ಣಯ್ಯಪ್ಪ ಸಿಕ್ಕವರ ಮೇಲೆಲ್ಲ ಹಾರಾಡಿದ. ನಾಗರಾಜನ ಹೆಸರೆತ್ತಿದರೆ ಸಾಕು, ರೋಜಾ ಎದ್ದು ಹೋಗುತ್ತಿದ್ದಳು. ಅಜ್ಜಿ "ಆ ಉಡ್ಗ..." ಎಂದು ಬಾಯಿ ತೆರೆದಾಗಲೆಲ್ಲ ಅವಳಿಗೆ ಬಾವಿಕಟ್ಟೆಯಲ್ಲಿ ಕೆಲಸ ನೆನಪಾಗುತ್ತಿತ್ತು. ಮುಂದಿನ ಸಲ ಹಂದಿ ಪಾಲು ಬಂದಾಗ ಅವಳು ಮಡಕೆ ಮುಟ್ಟಲಿಲ್ಲ. ಪಾಲನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟಳು.

ಇಷ್ಟರಲ್ಲಿ ಮೇಟ್ಟೂರಿನಿಂದ ಇನ್ನೊಂದು ಸಂಬಂಧ ಬಂತು. ಮುಂದಿನ ವಾರ ಬಂದು ಕೈ ನೆನೆಸುತ್ತಾರಂತೆ ಎಂದ ಚಿಕ್ಕಪ್ಪ. ರೋಜಾ ಬಿಂದಿಗೆ ಎತ್ತಿಕೊಂಡು ಬಾವಿಕಟ್ಟೆಗೆ ನಡೆದಳು.

ಆ ಶನಿವಾರ ಚಿನ್ನಕ್ಕಜ್ಜಿ ಮೊಮ್ಮಗಳ ತಲೆಗೆ ಎಣ್ಣೆ ಹಚ್ಚಲು ಕೂತಿತು. ಹಚ್ಚುತ್ತಾ ಹಚ್ಚುತ್ತಾ ಜಡೆಯನ್ನು ಕೈಗೆ ಸುತ್ತಿ ಬಿಗಿಯಾಗಿ ಹಿಡಿದುಕೊಂಡಿತು.

"ಆ ಉಡ್ಗ ಓಗೋವಾಗ ನಂಗೊಂದು ಮಾತೇಳ್ದ."

"ಬಿಡಜ್ಜಿ, ನಂಗೆ ಕೆಲ್ಸ ಐತೆ."

"ಎದ್ರೆ ಕೂದ್ಲು ಕಿತ್ಕೊಂಡ್ ಬತ್ತೈತೆ. ಕೂತ್ಕೊಂಡ್ ಕೇಳು." ಅಜ್ಜಿ ಜಡೆಯನ್ನು ಇನ್ನೊಂದು ಸುತ್ತು ಸುತ್ತಿತು. "'ಒಡ್ದು, ಅಳ್ಸಿ ಕೊಡೋ ಮದ್ವೆ ನಂಗೆ ಬ್ಯಾಡ ಅಜ್ಜಿ. ನಾನು ಕೈ ನೆನೆಸಿದ್ರೆ ಅವ್ಳಿಗೆ ಬಿಡುಗಡೆ ಇರಲ್ಲ. ತಪ್ಪೆಲ್ಲ ನಂದೇ ಅಂತ ಊರ್ಗೆ ಏಳಿ, ಅವ್ಳ ಎಸ್ರು ಕೆಡಬಾರ್ದು.' ಇಂಗಂದ."

ರೋಜಾ ಸರಕ್ಕನೆ ತಿರುಗಲು ಹೋದಳು, ಜಡೆ ಹಿಡಿದೆಳೆಯಿತು.

"ಅಳ್ಸಿ? ಅಜ್ಜಿ... ಅದು ಒಗೆ. ಈರುಳ್ಳಿ."

"ನಂಗೊತ್ತು. ಅವನ್ಗೆ ಯಾರೇಳ್ಬೇಕು? ಅದ್ರ ಮೇಲೆ ನಿನ್ ಚಿಕ್ಕಪ್ಪನ್ ಬಾಯಿ ಬೇರೆ."

ತನ್ನನ್ನು ಬೇಡವೆಂದವನಲ್ಲ ಅವನು. ಅವಳಿಗೆ ಬೇಡದಿದ್ದರೆ ಎಂದು ಹೆದರಿ, ಉಣ್ಣದೆ ಎದ್ದವನು. ಎಲ್ಲರೆದುರು ಕೆಟ್ಟವನಾಗಿ ಹೋದವನು. 'ನಾನಾದರೂ ಅವತ್ತು ಬಾಯಿಬಿಟ್ಟು ಹೂಂ ಅಂದಿದ್ದೆನಾ? ಓಡಿಹೋಗಿದ್ದೆನಲ್ಲ...'

"ಜಡೆ ಬಿಡಜ್ಜಿ," ಅಂದಳು. "ಚಿಕ್ಕಪ್ಪನ್ನ ಕರೀತೀನಿ. ಮೇಟ್ಟೂರಿನೋರು ಬರೋದು ಬ್ಯಾಡ. ನಾಳೆ ಬೆಳಗ್ಗೆ ಬಸ್ಸಿಗೆ ಓಗ್ಬೇಕು."

* * *

ಧರ್ಮಪುರಿಯಲ್ಲಿ ಬಸ್ಸು ಬದಲಿಸಿ, ತೊಪ್ಪೂರು ಘಾಟಿ ದಾಟಿ, ಕಡಯಂಪಟ್ಟಿ ಸೇರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಅಪರೂಪಕ್ಕೆ ಅಣ್ಣಯ್ಯಪ್ಪನಿಗೆ ದಾರಿಯುದ್ದಕ್ಕೂ ಒಂದೂ ತಮಾಷೆ ತೋಚಿರಲಿಲ್ಲ.

ಮನೆಯ ಮುಂದೆ ಕೂತಿದ್ದ ವೆಂಕಟಲಕ್ಷ್ಮಮ್ಮ ಇವರನ್ನು ಕಂಡು ಗಾಬರಿಯಾಗಿ ಎದ್ದಳು.

"ಅವ್ರು ಎಲ್ಲಿ ಅತ್ತೆ?" ಕೇಳಿದಳು ರೋಜಾ.

ಆ 'ಅತ್ತೆ' ಕೇಳಿ ವೆಂಕಟಲಕ್ಷ್ಮಮ್ಮನ ಮುಖ ಅರಳಿತು. "ಇತ್ಲಲ್ಲಿ ಔನೆ. ನಿಮ್ಮೂರಿಂದ ಬಂದಾಗಿಂದ ಭಾನುವಾರ ಬಂದ್ರೆ ಇದೇ ರಂಪ ಕಣಮ್ಮ. ಅದೇನೋ ಸಾರಂತೆ. ತಿನ್ನೋಕಾಗಲ್ಲ, ಬ್ಯಾಡ ಅಂದ್ರೆ ಕೇಳಲ್ಲ."

ಹಿತ್ತಿಲಲ್ಲಿ ನಾಗರಾಜನ್ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮಡಕೆಯೊಳಗೆ ಇಣುಕುತ್ತಿದ್ದ. ಗಡ್ಡ ಬಂದಿತ್ತು. ಹೆಜ್ಜೆ ಸದ್ದಿಗೆ ತಿರುಗಿದವನು ಅವಳನ್ನು ಕಂಡು ಹಾಗೇ ಕೂತುಬಿಟ್ಟ.

"ರೋಜಾ? ನೀನು... ಇಲ್ಲಿ..."

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಅವಳಿಗೆ ಮರೆತುಹೋಯಿತು. ಸುಮ್ಮನೆ ಚೊಂಬಿನ ನೀರು ತೆಗೆದುಕೊಂಡು ಕೈ ತೊಳೆದು, ಒಲೆಯ ಪಕ್ಕದ ಕಲ್ಲಿನ ಮೇಲೆ ಕೂತಳು.

"ಅಸಿವಾಗೈತೆ. ತಟ್ಟೆ ಕೊಡಿ."

"ಏ ಉಡ್ಗಿ, ನಿಲ್ಲು," ವೆಂಕಟಲಕ್ಷ್ಮಮ್ಮ ಹಿಂದೆಯೇ ಬಂದಳು. "ಈ ಮನೇಲಿ ನೀನು ಕೈ ನೆನೆಸಿದ್ರೆ ಏನರ್ಥ ಗೊತ್ತಾ? ಎಣ್ಣು ಬಂದು ಗಂಡಿನ್ ಮನೇಲಿ ನೆನೆಸೋದು ಎಲ್ಲಾನ ಐತಾ?"

"ಗೊತ್ತಿದ್ದೇ ಕೂತಿದೀನಿ ಅತ್ತೆ. ಅವ್ರು ನೆನೆಸ್ಲಿಲ್ಲ. ಅದಕ್ಕೆ ನಾನು ಬಂದೆ."

ಅಣ್ಣಯ್ಯಪ್ಪ ಗೋಡೆಯ ಮರೆಯಿಂದ ಕತ್ತು ಚಾಚಿ, "ಅವತ್ತು ನಾನಾಡಿದ್ದು ಬರೀ ತಮಾಷೆ ಅಳಿಯಂದ್ರೇ. ಅವ್ಳನ್ನ ಯಾರೂ ಒಡ್ದಿಲ್ಲ," ಅಂದ. ವೆಂಕಟಲಕ್ಷ್ಮಮ್ಮ ಅವನ ತೋಳು ಹಿಡಿದು, ಕಾಫಿ ಕುಡಿಯಬೇಕೆಂದು ಮನೆಯ ಮುಂದಕ್ಕೆ ಎಳೆದುಕೊಂಡು ಹೋದಳು. ಕೆಲವರಿಗೆ ಯಾವಾಗ ಜಾಗ ಖಾಲಿ ಮಾಡಬೇಕೆಂದು ಗೊತ್ತಿರುತ್ತದೆ.

ನಾಗರಾಜನ್ ತಟ್ಟೆಗೆ ಮುದ್ದೆ ಇಟ್ಟು, ಸಾರು ಬಡಿಸಿದ. ರೋಜಾ ಮುದ್ದೆ ಮುರಿದು, ಬೆರಳು ಪೂರಾ ಮುಳುಗುವಂತೆ ಸಾರಿಗೆ ಅದ್ದಿ, ನುಂಗಿದಳು. ಇನ್ನೊಂದು ತುತ್ತು. ಮತ್ತೊಂದು.

"ಎಂಗೈತೆ?"

"ಉಪ್ಪು ಜಾಸ್ತಿ. ಧನಿಯಾ ಉರ್ದೇ ಇಲ್ಲ. ಬಾಯಿಗಿಡಂಗಿಲ್ಲ."

"ಮತ್ಯಾಕೆ ತಿಂತಿದೀಯ?"

ಅವಳು ತಲೆ ಎತ್ತಿದಳು. ಈ ಸಲ ಎದ್ದು ಓಡಲಿಲ್ಲ.

"ನಂಗೆ ನೀವು ಬೇಕು, ಅದಕ್ಕೆ. ಯಾರೂ ಏಳ್ಕೊಟ್ಟಿದ್ದಲ್ಲ, ನಾನೇ ಏಳ್ತಿರೋದು. ಇನ್ಮೇಲೆ ನನ್ ಮುಖ ನೋಡ್ಕೊಂಡು ನೀವೇ ಏನೇನೋ ಅಂದ್ಕೋಬೇಡಿ. ನನ್ನ ಕೇಳಿ."

ನಾಗರಾಜನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲೂ ಇಲ್ಲ. ಅವಳ ಎದುರು ನೆಲದ ಮೇಲೆ ಕೂತು, ಅವಳು ಉಣ್ಣುವುದನ್ನೇ ನೋಡಿದ.

"ಕೇಳ್ಲಾ ಈಗ?"

"ಕೇಳಿ."

"ಇನ್ನೊಂಚೂರು ಮುದ್ದೆ ಆಕ್ಲಾ?"

"ಆಕಿ," ಅಂದಳು ರೋಜಾ. ಮೆಲ್ಲಗೆ ತಟ್ಟೆಯನ್ನು ಅವನತ್ತ ಸರಿಸಿದಳು. "ಸಾರೂ ಆಕಿ."