ಕಾಂತಪ್ಪನ ಚರ್ಮದ ಸೀಟು

ಸೈಕಲ್ಲಿನ ಚರ್ಮದ ಸೀಟು ಮೂತಿಯಿಂದ ಹಿಂಬದಿಯವರೆಗೆ ಸೀಳಿಹೋಗಿತ್ತು!

ಕಾಂತಪ್ಪನ ಕೂಗಿಗೆ ಶಿವಾಜಿನಗರದ ಆ ಚಾಳಿನ ಅರ್ಧ ಜನ ಎದ್ದು ಬಂದರು. 1998ರ ಒಂದು ಭಾನುವಾರ, ಬೆಳಿಗ್ಗೆ ಆರು ಗಂಟೆ. ಇನ್ನರ್ಧ ಗಂಟೆಗೆ ಷಡ್ಡಕರಾದ ಕಾಂತಪ್ಪ, ಮಹಾಲಿಂಗ ಇಬ್ಬರೂ ಸೈಕಲ್ ಮೇಲೆ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ದೇಹೂ ರೋಡಿಗೆ ಹೊರಡಬೇಕಿತ್ತು—ಮಹಾಲಿಂಗ ಹಾಕಿದ ಪಂಥ. ಅದಕ್ಕೆಂದೇ ಹಿಂದಿನ ದಿನ ಇಲ್ಲಿನ ಮಾವನ ಮನೆಗೆ ಬಂದಿದ್ದರು.

"ಇದು ಇವಂದ ಕೆಲಸ!" ಕಾಂತಪ್ಪ ಮಹಾಲಿಂಗನತ್ತ ಬೆರಳು ಮಾಡಿದ. "ವರ್ಷದಿಂದ ಹೊಟ್ಟಿ ಉರಕೊಂಡು ಸಾಯಾಕತ್ಯಾನ."

ಉರಿ ಸುಳ್ಳಲ್ಲ. ವರ್ಷದ ಹಿಂದೆ ಇಬ್ಬರೂ ಒಂದೇ ಅಂಗಡಿಯಲ್ಲಿ ಸೀಟು ಕೊಂಡಿದ್ದರು. ಮಹಾಲಿಂಗ ಸ್ಪ್ರಿಂಗಿನದನ್ನು ಆರಿಸಿದ. "ಇದು ಸೀಟಲ್ಲೋ, ಬಾಣಂತಿ ಹಾಸಿಗಿ" ಎಂದು ನಕ್ಕ ಕಾಂತಪ್ಪ ಸ್ಪ್ರಿಂಗಿಲ್ಲದ್ದನ್ನು ತೆಗೆದುಕೊಂಡ. ಅದರ ಮೇಲೆ ದಿನಾ ದೇಹೂ ರೋಡಿನಿಂದ ಶಿವಾಜಿನಗರದ ಕಚೇರಿಗೆ ಬರುತ್ತಾನಂತೆ! ಆ ಸಾಹಸ ಕೇಳಿದಾಗಲೆಲ್ಲ ಮಹಾಲಿಂಗನ ಹೆಂಡತಿ ನೀತಾ ಬಾಯಿ ತುಂಬ ಹೊಗಳುತ್ತಿದ್ದಳು. ಮಹಾಲಿಂಗನಿಗೆ ಅದು ಸಹಿಸಲಾಗುತ್ತಿರಲಿಲ್ಲ.

ಈಗ ಅವಳ ಮುಖ ಬಿಗಿದಿತ್ತು. "ನೀವ ಮಾಡಿದ್ದಾದ್ರ ನಾ ನಿಮ್ಮ ಕೂಡ ಮನಿಗೆ ಬರೂದಿಲ್ಲ."

"ದೇವರಾಣಿ, ನಾ ಮುಟ್ಟಿಲ್ಲ!"

ನಂಬಿದವರಿಲ್ಲ. ಮೂವತ್ತು ವರ್ಷ ಕೋರ್ಟಿನಲ್ಲಿ ಕಾರಕೂನಿಕೆ ಮಾಡಿದ ಮಾವ ಶಿವಪುತ್ರಪ್ಪ ಚಷ್ಮಾ ಏರಿಸಿದ. ಎರಡೂ ಸೀಟುಗಳ ಮೇಲೆ ಅಂಗೈ ಆಡಿಸಿದ.

"ಕಾಂತಪ್ಪ, ಸೀಟು ಬದಲಿ ಮಾಡಿಯೇನು?"

"ಇಲ್ರಿ. ಅದ ಸೀಟು."

"ದಿನಾ ಇದರ ಮ್ಯಾಲನ ಬರ್ತಿ?"

"ದಿನಾ! ಮಳಿ ಇರಲಿ, ಬಿಸಲಿರಲಿ!"

"ಹಂಗಾರ ಸೀಳಿದಾವ ನೀನ."

ಕಾಂತಪ್ಪ ಸೈಕಲ್ಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಎಲ್ಲಾರೂ ಸೀಳು ನೋಡಿದ್ರಿ, ಚರ್ಮ ನೋಡ್ಲಿಲ್ಲ," ಎಂದ ಶಿವಪುತ್ರಪ್ಪ. "ಕುಂತು ಕುಂತು ಮಹಾಲಿಂಗನ ಸೀಟಿನಾಗ ಎರಡು ತಗ್ಗು ಬಿದ್ದಾವ. ನಿಂದ್ರಾಗ ಸ್ಪ್ರಿಂಗಿಲ್ಲ, ಭಾರ ಎಲ್ಲಾ ಚರ್ಮಕ್ಕ. ಆದ್ರೂ ಬರಿಯೂ ಹೊಸಾ ಪಾಟಿ ಹಂಗ ಸಪಾಟ ಅದ! ಇವತ್ತ ಹೊಂಟಿದ್ರ ನಿನ್ನ ಗುಟ್ಟು ಬಯಲಾಗ್ತಿತ್ತು, ಅದಕ್ಕ ಸೀಳಿದಿ. ಖರೆ ಹೇಳು, ದಿನಾ ಹ್ಯಾಂಗ ಬರ್ತಿ?"

"ಲೋಕಲ್ ರೈಲಿಗ್ರಿ," ಕಾಂತಪ್ಪ ತಲೆ ತಗ್ಗಿಸಿದ. "ಸೈಕಲ್ ಇಲ್ಲೇ ಸ್ಟೇಶನ್ ಸ್ಟ್ಯಾಂಡಿನಾಗ ಇರ್ತದ. ಈ ಗಟ್ಟಿ ಸೀಟಿಗೆ ನಾಕ ದಿನಕ್ಕ ಕುಂಡ್ರಾಕ ಬರದಂಗಾತು. ಸ್ಪ್ರಿಂಗಿಂದು ತಂದ್ರ ಇವನ ಮುಂದ ಸೋತಂಗ. ಇಂವಾ ಆರಾಮ ಕುಂತು ಹೋಗೂದು ನೋಡಿ ನನ್ನ ಹೊಟ್ಟಿನೂ ಉರೀತಿತ್ರಿ."

"ತಪ್ಪಾತ್ರಿ," ನೀತಾ ಗಂಡನ ಪಕ್ಕಕ್ಕೆ ಬಂದು ನಿಂತಳು. "ಮನಿಗೆ ಹೋಗೂಣ ನಡೀರಿ."

ಮಹಾಲಿಂಗನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಲೋಕಲ್ ಗಾಡಿಯಲ್ಲಿ ಕಾಲು ಚಾಚಿ ತೂಕಡಿಸುತ್ತ ಬಂದವನ ಮೇಲೆ ತಾನು ಇಡೀ ಒಂದು ವರ್ಷ ಹೊಟ್ಟೆಕಿಚ್ಚು ಪಟ್ಟಿದ್ದ!