ಅವ್ವನ ತವರಿನ ದಾರಿ

"ಏ ಬಹೆನ್, ಯೇ ಸ್ವೆಟರ್ ಕಿತನೇಕಾ?"

ಇಂಡಿ ಬಸ್ ನಿಲ್ದಾಣದೆದುರು, ನೇಪಾಳಿ ಹೆಂಗಸರ ಸ್ವೆಟರ್ ಅಂಗಡಿ ಪಕ್ಕ ನಿಂತಿದ್ದ ಸುನಂದಾ ಸರ್ರನೆ ತಿರುಗಿದಳು.

"ಮಾರಾಕಿ ಅಲ್ಲಿ ಕುಂತಾಳ್ರಿ! ನಾ ಇಲ್ಲೇ ಸಾಲಿ ಟೀಚರ್. ಕಣ್ಣ ಮನ್ಯಾಗ ಇಟ್ಟು ಬಂದೀರೇನು?"

ಆ ಸಣ್ಣ ಕಣ್ಣಿನ ಮುಖದಿಂದ ಅಪ್ಪಟ ಇಂಡಿ ಮಾತು ಕೇಳಿ ಸಂಗಮೇಶ ತಬ್ಬಿಬ್ಬಾದ.

"ತಪ್ಪಾತ್ರಿ..."

ಹಲಸಂಗಿಯಲ್ಲಿ ಲಿಂಬೆ ತೋಟ ಮಾಡಿಕೊಂಡಿದ್ದ ಹುಡುಗ. ಅಂದಿನಿಂದ ಅವನಿಗೆ ದಿನಾ ಇಂಡಿಯಲ್ಲೇ ಕೆಲಸ ಅನ್ನಿ! ಅವಳಿಗೂ ಸಂಜೆಯ ಬಸ್ಸು ತಡವಾದರೆ ಬೇಸರವಾಗುತ್ತಿರಲಿಲ್ಲ.

ಸುನಂದಾಳ ಅಪ್ಪ ಸಿದ್ದಲಿಂಗ ಸೈನ್ಯದಲ್ಲಿದ್ದಾಗ ಶಿಲ್ಲಾಂಗಿನ ಖಾಸಿ ಹುಡುಗಿ ದಾರಿಶಾಳನ್ನು ಮದುವೆಯಾಗಿ ಊರಿಗೆ ಕರೆತಂದಿದ್ದ. ಆಕೆ ಬಡಿಯುವ ಜೋಳದ ರೊಟ್ಟಿಯನ್ನು ಇಡೀ ಓಣಿ ಹೊಗಳುತ್ತಿತ್ತು. ಆದರೆ ಆಕೆಯ ಅಣ್ಣ ಕಿಟ್ಬೋಕ್ ಮಾತ್ರ ಇಪ್ಪತ್ತೈದು ವರ್ಷಗಳಲ್ಲಿ ಒಂದು ಕಾಗದ ಬರೆದಿರಲಿಲ್ಲ.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಸಂಗಮೇಶನ ಮನೆಯವರು ಹೆಣ್ಣು ನೋಡಲು ಬಂದರು. ಅವನ ತಾಯಿ ಕಸ್ತೂರೆವ್ವ ಚಹಾ ಕುಡಿದು ಬಟ್ಟಲು ಕೆಳಗಿಟ್ಟಳು.

"ಹುಡುಗಿ ಬೇಷ್ ಅದಾಳ. ಆದ್ರ ಮದುವ್ಯಾಗ ಅಕ್ಕಿಕಾಳು ಹಾಕೂ ಹೊತ್ತಿಗೆ ಕೈ ಹಿಡದು ಕರ್ಕೊಂಡು ಬರಾಕ ಸೋದರಮಾವ ಬೇಕಲ್ಲ? ತವರಿಲ್ಲದಾಕಿ ಮಗಳನ್ನ ಹೆಂಗ ತರೂದು?"

ದಾರಿಶಾ ತಲೆ ತಗ್ಗಿಸಿದಳು. ಸುನಂದಾಳ ಎದೆ ಉರಿಯಿತು. 'ಈತ ಒಂದು ಮಾತಾದರೂ ಆಡಬಾರದೇ?'

ಸಂಗಮೇಶ ಎದ್ದು ಹೊರಗೆ ಹೋದ.

ಆಮೇಲೆ ಅವನ ಸುದ್ದಿಯೇ ಇಲ್ಲ. ಒಂದು ವಾರ... ಎರಡು ವಾರ... ಊರಲ್ಲೇ ಇಲ್ಲ ಅಂದರು. ಅವಳು ಅತ್ತಳು, ಸಿಟ್ಟಾದಳು. ಹದಿನಾರನೇ ದಿನ ಹಲಸಂಗಿಗೆ ಹೇಳಿ ಕಳಿಸಿದಳು: "ಈ ಸಂಬಂಧ ಬ್ಯಾಡ."

ಹತ್ತೊಂಬತ್ತನೇ ದಿನ ಬೆಳಿಗ್ಗೆ ಮನೆ ಮುಂದೆ ಜೀಪು ನಿಂತಿತು. ಬಡಕಲಾಗಿ, ಗಡ್ಡ ಬಿಟ್ಟ ಸಂಗಮೇಶ ಇಳಿದ. ಹಿಂದೆ ಒಬ್ಬ ಮುದುಕ.

ದಾರಿಶಾಳ ಕೈಯಲ್ಲಿದ್ದ ಹಿಟ್ಟು ನೆಲಕ್ಕೆ ಬಿತ್ತು. ಅಣ್ಣನ ಹೆಗಲ ಮೇಲೆ ತಲೆಯಿಟ್ಟು, ಮಗಳೆಂದೂ ಕೇಳಿರದ ಭಾಷೆಯಲ್ಲಿ ಗೊಳೋ ಎಂದು ಅತ್ತಳು.

"ಶಿಲ್ಲಾಂಗಕ್ಕ ಹೋದ್ರ ನಿಮ್ಮ ಮಾವ ಮೂರು ದಿನ ನನ್ನ ಮಾರಿನ ನೋಡ್ಲಿಲ್ರಿ," ಎಂದ ಸಂಗಮೇಶ. "ಅವರ ಕಡೆನೂ ಮಾವನ ಒಪ್ಪಿಗಿ ಇಲ್ದ ಮದುವಿ ಆಗೂದಿಲ್ಲಂತ. ನಿಮ್ಮವ್ವ ಕೇಳದ ಬಂದಿದ್ರು, ಅದಕ್ಕ ಸಿಟ್ಟು. ಈ ಸಲ ಕೇಳಾಕ ಬಂದೇನಿ ಅಂದೆ. ನಾಕನೇ ದಿನ ಒಳಗ ಕರದ್ರು."

"ವಿಳಾಸ?" ಎಂದಳು ಸುನಂದಾ.

"ನಿಮ್ಮಪ್ಪಾರು ಕೊಟ್ರು. ಯಾರಿಗೂ ಹೇಳಬ್ಯಾಡ್ರಿ ಅಂತ ಆಣಿ ಹಾಕಿಸಿದ್ದೆ."

"ನನಗರ ಹೇಳಬಾರದಿತ್ತೇನ್ರಿ? ನಾ ಏನೇನೋ ತಿಳಕೊಂಡೆ..."

"ಅವರು ಬರೂದಿಲ್ಲ ಅಂದಿದ್ರ? ನಿಮ್ಮವ್ವ ಮತ್ತೊಮ್ಮೆ ಅದ ದುಃಖ ತಿನ್ನಬೇಕಾಗ್ತಿತ್ತು."

ಹಲಸಂಗಿಗೆ ಹೇಳಿ ಕಳಿಸಿದ ಮಾತು ಸುನಂದಾಳಿಗೆ ನೆನಪಾಯಿತು. ಇಂಥವನನ್ನು ಬೇಡ ಅಂದೆನಲ್ಲ!

ಅಷ್ಟರಲ್ಲಿ ಮಾವ ಕಣ್ಣೊರೆಸಿಕೊಂಡು ಅವಳನ್ನು ನೋಡಿ ಏನೋ ಕೇಳಿದ. ದಾರಿಶಾ ಅದನ್ನು ಕನ್ನಡದಲ್ಲಿ ಹೇಳಿದಳು:

"ಈ ಹುಡುಗ ನಿನಗ ಒಪ್ಪಿಗಿ ಏನು ಅಂತ ಕೇಳಾಕತ್ತಾರವ್ವ."

ಸುನಂದಾ ಬಿಕ್ಕಿದಳು. "ಅವತ್ತು ಅಷ್ಟು ಮಂದಿ ಬಂದಿದ್ರಿ. ಈ ಮಾತು ನನ್ನ ಯಾರೂ ಕೇಳ್ಲಿಲ್ಲ."

ಸಂಗಮೇಶ ಹತ್ತಿರ ಬಂದ.

"ನಾನೂ ಕೇಳ್ಲಿಲ್ಲ... ಈಗ ಕೇಳ್ತೇನಿ. ನಾ ಬೇಕೇನ್ರಿ ನಿಮಗ?"

"ಬೇಕ್ರಿ... ಭಾಳ ಬೇಕು! ಆದ್ರ ಇನ್ನೊಮ್ಮೆ ನನ್ನ ಬಿಟ್ಟು ರೈಲು ಹತ್ತಿದ್ರ ನೋಡ್ರಿ ಮತ್ತ!"